ಖಣ ಹೊದ್ದ ಟ್ರೆಡ್‌ಮಿಲ್

ನಾನೊಂದು ಟ್ರೆಡ್‌ಮಿಲ್. ಎಷ್ಟೋ ಜನ ನನ್ನ ಮೇಲೆ ಬೆವರು ಸುರಿಸಿ ನಡೆದಿದ್ದಾರೆ, ಒಬ್ಬರೂ ಒಂದು ಗೇಣು ಮುಂದೆ ಹೋಗಿಲ್ಲ. ಈಗ ಹುಬ್ಬಳ್ಳಿಯ ಒಂದು ಗುಜರಿ ಅಂಗಡಿಯ ಗೋಡೆಗೆ ಒರಗಿ ನಿಂತಿದ್ದೇನೆ. ಹೊತ್ತು ಹೋಗುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನಾನು ಹುಟ್ಟಿದ್ದು ಎಲ್ಲೋ ದೂರದ ಕಾರ್ಖಾನೆಯಲ್ಲಿ. ಮೊದಲು ಕಬ್ಬಿಣದ ಚೌಕಟ್ಟು, ಆಮೇಲೆ ಮೋಟಾರು, ಅದರ ಮೇಲೆ ಕಪ್ಪು ಬೆಲ್ಟು. ಕೊನೆಗೆ ಕೆಂಪು ಅಂಕಿಗಳು ಹೊಳೆಯುವ ಮುಖ ಕೂರಿಸಿದರು. ಅದರೊಳಗೆ ನಾಲ್ಕು ಪಾಠ ತುಂಬಿದರು. ಹತ್ತಿದವರು ತೂಕ ಹೇಳದಿದ್ದರೆ ಎಪ್ಪತ್ತು ಕಿಲೋದ ಗಂಡಸು ಎಂದು ತಿಳಿ. ಬೆಲ್ಟು ತಿರುಗುತ್ತಿದ್ದರೆ ಅವರು ನಡೆಯುತ್ತಿದ್ದಾರೆಂದು ತಿಳಿ. ಹಿಡಿಯ ಮೇಲಿನ ಲೋಹದ ಪಟ್ಟಿಗೆ ಅಂಗೈ ತಾಗಿದರೆ ಎದೆಬಡಿತ ಓದು. ಬಡಿತ ಏರಿದರೆ ಕ್ಯಾಲೊರಿ ಏರಿಸು. ಇಷ್ಟೇ ನನ್ನ ವಿದ್ಯೆ. ಇದರ ಮೇಲೆಯೇ ಜೀವನವೆಲ್ಲ ದೊಡ್ಡಸ್ತಿಕೆ ಮೆರೆದೆ.

ಮೊದಲು ಹೋದದ್ದು ವಿದ್ಯಾನಗರದ ಒಂದು ಜಿಮ್‌ಗೆ. ಅದನ್ನು ನಡೆಸುತ್ತಿದ್ದ ಪರಸಪ್ಪ ಹಿಂದೆ ಕುಸ್ತಿ ಆಡಿದವರು, ಕಿವಿ ಮುದುಡಿಕೊಂಡಿದ್ದವು. ನನ್ನ ಪಕ್ಕದಲ್ಲಿ ಬೇರೆ ಕಂಪನಿಯ ಇನ್ನೊಂದು ಟ್ರೆಡ್‌ಮಿಲ್ ಇತ್ತು. ಅದು ಬಹಳ ಜಿಪುಣ. ಅಷ್ಟೇ ಹೊತ್ತು, ಅಷ್ಟೇ ವೇಗದಲ್ಲಿ ನಡೆದರೂ ಅದು ಕೊಡುವ ಕ್ಯಾಲೊರಿ ಕಡಿಮೆ, ನಾನು ಕೊಡುವುದು ಕೈತುಂಬ. ಹಾಗಾಗಿ ಅದು ಖಾಲಿ ಇದ್ದರೂ ಜನ ನನಗಾಗಿ ಕಾಯುತ್ತಿದ್ದರು. ಇಳಿಯುವ ಮುಂಚೆ ನನ್ನ ಮುಖದ ಫೋಟೋ ತೆಗೆದುಕೊಳ್ಳುತ್ತಿದ್ದರು.

"ಒಂದ ನಡಿಗಿಗೆ ಎರಡು ಲೆಕ್ಕ ಹೆಂಗ ಬರತೈತೋ, ನಂಗಂತೂ ತಿಳೀವಲ್ದು" ಎಂದು ಪರಸಪ್ಪ ತಲೆ ಕೆರೆದುಕೊಳ್ಳುತ್ತಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜಾಸ್ತಿ ಕೊಡುವವರನ್ನು ಯಾರು ಅನುಮಾನಿಸುತ್ತಾರೆ?

ಜಿಮ್ ಮುಚ್ಚಿದ ಮೇಲೆ ಹಳೇ ಹುಬ್ಬಳ್ಳಿಯ ನೀಲಾಂಬಿಕಾಳ ಮನೆಗೆ ಬಂದೆ. ಅವಳು ಜಂಪರ್, ಅಂದರೆ ರವಿಕೆ, ಹೊಲಿಯುವವಳು. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತು ಕೂತು ಸೊಂಟ ಸುತ್ತ ದಪ್ಪಗಾಗಿದ್ದಳು. ಗಿಡ್ಡ ಆಳು, ತೂಕ ಅರವತ್ತರ ಆಚೀಚೆ. ನನ್ನನ್ನು ಜೋಡಿಸಲು ಬಂದವನು ಅವಳ ತಮ್ಮ ರುದ್ರೇಶ. ಮಿಕ್ಸರ್, ಫ್ಯಾನು ರಿಪೇರಿ ಮಾಡುವವನು. ಅವನ ಕಣ್ಣು ಅರಿಸಿನದ ಹಾಗೆ ಹಳದಿ, ಕಾಲು ಬಾತಿದ್ದವು. ಬೆಲ್ಟಿನಡಿ ಎಣ್ಣೆ ಬಿಡುತ್ತಾ ಎರಡು ಸಲ ನೆಲಕ್ಕೆ ಕೂತು ಸುಧಾರಿಸಿಕೊಂಡ.

"ನನ್ನ ಸಲುವಾಗಿ ನೀ ಯಾಕ ಓಡ್ತೀ ಅಕ್ಕ?" ಎಂದ.

"ನಿನ್ನ ಸಲುವಾಗಿ ಓಡದ ಇನ್ಯಾರ ಸಲುವಾಗಿ ಓಡ್ಲಿ?"

ಅವರ ಮಾತಿನಿಂದಲೇ ನನಗೆ ವಿಷಯ ತಿಳಿಯಿತು. ರುದ್ರೇಶನ ಲಿವರ್ ಪೂರ್ತಿ ಕೆಟ್ಟಿತ್ತು. ಮನೆಯವರಲ್ಲಿ ಅವನಿಗೆ ಹೊಂದುತ್ತಿದ್ದದ್ದು ಅಕ್ಕನದು ಮಾತ್ರ. ಆದರೆ ಅವಳ ಲಿವರಿನಲ್ಲಿ ಕೊಬ್ಬು ತುಂಬಿತ್ತು. ಮೊದಲು ಅದು ಕರಗಲಿ, ಆಮೇಲೆ ಅರ್ಧ ಕತ್ತರಿಸಿ ತಮ್ಮನಿಗೆ ಹಾಕೋಣ ಎಂದು ಡಾಕ್ಟರು ಹೇಳಿದ್ದರು.

ನೀಲಾ ದಿನಾ ಸಂಜೆ ಹತ್ತುತ್ತಿದ್ದಳು. ನಾನು ಇಂಗ್ಲಿಷಿನಲ್ಲಿ ತೂಕ ಕೇಳುತ್ತಿದ್ದೆ. ಅವಳು ತೂಕ ಹೇಳದೆ ನೇರ ಹಸಿರು ಗುಂಡಿ ಒತ್ತುತ್ತಿದ್ದಳು. ಬೀಳುವ ಭಯಕ್ಕೆ ಎರಡೂ ಹಿಡಿಗಳ ಮೇಲೆ ಮೈಭಾರ ಹಾಕಿ ನಡೆಯುತ್ತಿದ್ದಳು. ಕಾಲಿನ ಕೆಲಸ ಅರ್ಧ ಕೈಗೆ ಹೋಗುತ್ತಿತ್ತು. ತಮ್ಮನ ಯೋಚನೆಗೆ ಎದೆ ಮೊದಲೇ ಡವಡವ ಎನ್ನುತ್ತಿತ್ತು. ಅದನ್ನೂ ನಾನು ದುಡಿಮೆಯ ಲೆಕ್ಕಕ್ಕೇ ಸೇರಿಸುತ್ತಿದ್ದೆ.

ಅವಳ ಅತ್ತೆ ಚನ್ನವ್ವ ಕನ್ನಡಕ ಏರಿಸಿ ನನ್ನ ಮುಖ ಓದುತ್ತಿದ್ದರು. "ನಾಕನೂರು ಸುಟ್ಟೀ ನೋಡು. ಒಂದು ಶೇಂಗಾ ಹೋಳಿಗಿ ತಿಂದ್ರ ಏನೂ ಆಗಂಗಿಲ್ಲ. ತಿನ್ನು ನನ್ನವ್ವ, ಮಾರಿ ಬಾಡೇತಿ." ಸೊಸೆಯ ಮೇಲಿನ ಅಕ್ಕರೆಗೆ ನನ್ನ ಅಂಕಿ ಒಂದು ನೆಪವಾಯಿತು. ನೀಲಾ ತಿನ್ನುತ್ತಿದ್ದಳು. ಹಸಿವೂ ಇರುತ್ತಿತ್ತು, ನಂಬಿಕೆಯೂ ಇತ್ತು.

ತಿಂಗಳ ಮೇಲೆ ಮತ್ತೆ ಸ್ಕ್ಯಾನ್ ಆಯಿತು. ಕೊಬ್ಬು ಇದ್ದಷ್ಟೇ ಇತ್ತು. ಮನೆಗೆ ಬಂದವಳು ಅತ್ತೆಯ ಮುಂದೆ ಕುಸಿದು ಕೂತಳು. "ಹಿಂಗ ಇದ್ರ ನಂದು ತಗೊಳ್ಳಾಕ ಬರಂಗಿಲ್ಲಂತ ಅತ್ತಿ. ಅವನಿಗೆ ಭಾಳ ದಿನಾನೂ ಇಲ್ಲಂತ." ಚನ್ನವ್ವ ನನ್ನ ಕಡೆ ನೋಡಿದರು. ಇಷ್ಟು ಸುಟ್ಟದ್ದೆಲ್ಲ ಎಲ್ಲಿ ಹೋಯಿತು ಎಂದು ಅವರಿಗೆ ತಿಳಿಯಲಿಲ್ಲ.

ಮರುದಿನ ಸಂಜೆ ನಡೆಯುತ್ತಿರುವಾಗ ಅವಳಿಗೆ ಫೋನು ಬಂತು. ರುದ್ರೇಶ ರಕ್ತ ಕಾರಿದ್ದ, ಆಸ್ಪತ್ರೆಗೆ ಸೇರಿಸಿದ್ದರು. ಅವಳು ಬೆಲ್ಟಿನಿಂದ ಕಾಲು ತೆಗೆದು ಎರಡೂ ಬದಿಯ ಅಂಚಿನ ಮೇಲೆ ನಿಂತುಬಿಟ್ಟಳು. ಫೋನು ಇಟ್ಟು ಹಿಡಿಗಳನ್ನು ಬಿಗಿಯಾಗಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಬೆಲ್ಟು ಖಾಲಿ ಓಡುತ್ತಿತ್ತು. ಅವಳ ಎದೆ ಹಿಂದೆಂದೂ ಬಡಿಯದಷ್ಟು ಜೋರಾಗಿ ಬಡಿಯುತ್ತಿತ್ತು. ನಾನು ಕಲಿತ ಪಾಠ ಬಿಡಲಿಲ್ಲ. ಕ್ಯಾಲೊರಿ ಏರಿಸುತ್ತಾ ಹೋದೆ.

ಕಣ್ಣೊರೆಸಿಕೊಂಡವಳು ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು.

"ಅತ್ತಿ, ಇಲ್ಲಿ ಬರ್ರಿ. ನಾ ನಿಂತೀನಿ. ಇದು ಏರಾಕತ್ತೈತಿ."

ಚನ್ನವ್ವ ಬಂದು ಅವಳ ಕಾಲು ನೋಡಿದರು, ಅಂಕಿ ನೋಡಿದರು. ಒಳಗೆ ಹೋಗಿ ಹೋಳಿಗೆಯ ಡಬ್ಬಿ ತಂದು ಪಕ್ಕದ ಮನೆಗೆ ಕೊಟ್ಟು ಬಂದರು. ನೀಲಾ ಜಂಪರ್ ಹೊಲಿಯಲು ಇಟ್ಟಿದ್ದ ಒಂದು ತುಂಡು ಹಸಿರು ಖಣ ತಂದು ನನ್ನ ಮುಖಕ್ಕೆ ಕಟ್ಟಿದಳು. ನನಗೆ ಅವಮಾನವಾಯಿತು. ಅಷ್ಟು ದಿನ ಎಲ್ಲರೂ ನೋಡುತ್ತಿದ್ದದ್ದು ನನ್ನ ಮುಖವನ್ನೇ.

ಅಲ್ಲಿಂದ ಅವಳು ಹಿಡಿ ಬಿಟ್ಟು ನಡೆದಳು. ಬೆಲ್ಟನ್ನು ಏರುದಾರಿಯಂತೆ ಮುಂದೆ ಎತ್ತರಿಸಿಕೊಂಡು, ಮಾತಾಡಿದರೆ ಮಧ್ಯೆ ಉಸಿರು ಸಿಗದಷ್ಟು ನಡೆದಳು. ಊಟ ಆಸ್ಪತ್ರೆಯವರು ಹೇಳಿದಷ್ಟೇ: ಒಂದು ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ. ಚನ್ನವ್ವ ಎದುರಿಗೆ ಕೂತು ತಾವೂ ಅಷ್ಟೇ ತಿಂದರು. ಎಷ್ಟು ಸುಟ್ಟೆ ಎಂದು ಯಾರೂ ಕೇಳಲಿಲ್ಲ. ನೀಲಾ ಟೇಪು ಹಿಡಿದು ತನ್ನದೇ ಸೊಂಟ ಅಳೆಯುತ್ತಿದ್ದಳು. ಒಂದು ದಿನ ಜಂಪರ್ ಸಡಿಲಾಯಿತೆಂದು ಬಿಚ್ಚಿ ಒಳಗೆ ಹೊಲಿಗೆ ಹಾಕಿಕೊಂಡಳು. ಸ್ವಲ್ಪ ದಿನ ಬಿಟ್ಟು ಮತ್ತೊಂದು ಹೊಲಿಗೆ ಹಾಕಿದಳು.

ರುದ್ರೇಶ ಆಸ್ಪತ್ರೆಯಲ್ಲಿ ಜೀವ ಹಿಡಿದುಕೊಂಡಿದ್ದ. ಆಮೇಲಿನ ಸ್ಕ್ಯಾನಿನಲ್ಲಿ ಡಾಕ್ಟರು ಒಪ್ಪಿದರು. ಆಪರೇಷನ್ನಿಗೆಂದು ಎಲ್ಲರೂ ಹೋದರು, ಮನೆಗೆ ಬೀಗ ಬಿತ್ತು. ಕತ್ತಲೆ ಕೋಣೆಯಲ್ಲಿ ನಾನು ಖಣ ಹೊದ್ದು ಕಾದೆ. ಯಾರಾದರೂ ಮರಳಿ ಬಂದರೆ ಸಾಕು, ನನ್ನನ್ನು ನೋಡದಿದ್ದರೂ ಸರಿ ಎಂದು ಆಗ ಅನಿಸಿತು.

ಬಂದರು. ಮೊದಲು ನೀಲಾ, ಹೊಟ್ಟೆಗೆ ಕೈ ಒತ್ತಿ ಹಿಡಿದುಕೊಂಡು. ಎಷ್ಟೋ ದಿನ ಬಿಟ್ಟು ರುದ್ರೇಶ. ಕಣ್ಣು ಬೆಳ್ಳಗಿದ್ದವು. ನನ್ನ ಬೆಲ್ಟಿಗೆ ಎಣ್ಣೆ ಬಿಟ್ಟು, ಹತ್ತಿ, ಮೆಲ್ಲಗೆ ನಡೆದ. ಖಣದ ಅಂಚಿಗೆ ಕೈ ಹಾಕಿ, "ಎಷ್ಟಾತು ನೋಡ್ಲೇನ ಅಕ್ಕ?" ಎಂದ.

"ಬ್ಯಾಡ. ನಡಿ ನೀ."

ಅವರಿಬ್ಬರೂ ಸರದಿಯ ಮೇಲೆ ನನ್ನ ಮೇಲೆ ನಡೆದ ಆ ವರ್ಷಗಳೇ ನನ್ನ ಒಳ್ಳೆಯ ಕಾಲ. ಖಣದಡಿಯಲ್ಲಿ ನಾನು ಎಪ್ಪತ್ತು ಕಿಲೋದ ಯಾವನೋ ಗಂಡಸಿನ ಲೆಕ್ಕ ಬರೆಯುತ್ತಲೇ ಇದ್ದೆ. ಅಂಥವನನ್ನು ಆ ಮನೆಯಲ್ಲಿ ನಾನು ಕಂಡೇ ಇಲ್ಲ. ಕಂಡದ್ದು ಅಕ್ಕನ ಒಡೆದ ಹಿಮ್ಮಡಿ, ತಮ್ಮನ ಬಾವು ಇಳಿದ ಪಾದ.

ಮೊನ್ನೆ ಮೋಟಾರು ಸುಟ್ಟುಹೋಯಿತು. ರುದ್ರೇಶ ಬಿಚ್ಚಿ ನೋಡಿ, ಇನ್ನು ಆಗದು ಎಂದ. ಗುಜರಿಯವನ ಗಾಡಿ ಬಂತು. ನೀಲಾ ಖಣ ಬಿಚ್ಚಿ ಮಡಚಿ ಕಂಕುಳಿಗೆ ಸೇರಿಸಿಕೊಂಡಳು. ರುದ್ರೇಶ ಒಂದು ಬದಿ ಹಿಡಿದ, ಗುಜರಿಯವನು ಇನ್ನೊಂದು ಬದಿ. ಅಂದು ನೆಲಕ್ಕೆ ಕೂತು ಸುಧಾರಿಸಿಕೊಂಡವನು ಒಂದೇ ಏಟಿಗೆ ನನ್ನನ್ನು ಗಾಡಿಗೆ ಎತ್ತಿ ಹಾಕಿದ.

ನೀಲಾ ಹತ್ತಿರ ಬಂದು ಹಿಡಿಯ ಮೇಲೆ ಅಂಗೈ ಇಟ್ಟಳು. ಲೋಹದ ಪಟ್ಟಿಯಲ್ಲಿ ಅವಳ ಎದೆಬಡಿತ ಕೇಳಿಸಿತು. ಜೋರಾಗಿಯೇ ಇತ್ತು. ನನ್ನ ಮುಖದಲ್ಲಿ ಕರೆಂಟು ಇರಲಿಲ್ಲ. ಯಾವ ಅಂಕಿಯೂ ಏಳಲಿಲ್ಲ, ಸುಮ್ಮನೆ ಕೇಳಿಸಿಕೊಂಡೆ.