ಆರು ಕಿವಿ, ಒಂದು ಪಿನ್ನು

ನಾನು ಒಂದು ಗ್ಯಾಲಿಸು. ಪ್ಯಾಂಟು ಜಾರಬಾರದೆಂದು ಗಂಡಸರು ಹೆಗಲ ಮೇಲಿಂದ ಇಳಿಬಿಟ್ಟುಕೊಳ್ಳುವ ಜೋಡಿಪಟ್ಟಿ. ಈಗಿನವರು ನನ್ನನ್ನು ಸಸ್ಪೆಂಡರ್ ಎನ್ನುತ್ತಾರಂತೆ. ಅನ್ನಲಿ. ಮದುವೆಯ ಫೋಟೋ ತೆಗೆಸಿಕೊಳ್ಳಲು ಅರ್ಧ ದಿನ ಬಾಡಿಗೆಗೆ ತಂದು, ಹೆಬ್ಬೆರಳು ಸಿಕ್ಕಿಸಿಕೊಂಡು ನಿಲ್ಲುವವರ ಬಾಯಲ್ಲಿ ನನ್ನ ಹೆಸರು ಹೇಗಿದ್ದರೇನು?

ಧಾರವಾಡದ ಲೈನ್ ಬಜಾರಿನಲ್ಲಿ, ಪಾಂಡೋಬಾ ಸಿಂಪಿಯ ಅಂಗಡಿಯಲ್ಲಿ, ಒಂದು ಶ್ರಾವಣದ ಬೆಳಿಗ್ಗೆ ನಾನು ಹುಟ್ಟಿದೆ. ಕುದುರೆಯ ಜೀನು ಬಿಗಿಯಲು ನೇಯುತ್ತಿದ್ದ ದಪ್ಪ ನೂಲಿನ ಪಟ್ಟಿ ನನ್ನ ಮೈ. ಎದೆಯ ಮೇಲೆ ಎರಡು ತುದಿ. ಬೆನ್ನಿನಲ್ಲಿ ಎರಡೂ ಕೂಡಿ ಒಂದೇ ತುದಿ. ಒಂದೊಂದು ತುದಿಗೂ ಎರಡೆರಡು ತೊಗಲಿನ ಕಿವಿ, ಒಂದೊಂದು ಕಿವಿಗೂ ಗುಂಡಿ ತೂರುವ ಒಂದೊಂದು ಕಾಜಾ. ನನ್ನಲ್ಲಿ ರಬ್ಬರು ಇಲ್ಲ. ಎಳೆದಷ್ಟೂ ಹಿಗ್ಗುವವರನ್ನು ನಾನು ಯಾವತ್ತೂ ನಂಬಿದ್ದಿಲ್ಲ.

ನನ್ನನ್ನು ಹೊಲಿಸಿದವರು ಗಲಗಲಿ ವಕೀಲರು. ಸಿವಿಲ್ ಕೋರ್ಟಿನಲ್ಲಿ ಅವರ ದನಿಗೆ ಕಿಟಕಿಯ ಗಾಜು ನಡುಗುತ್ತಿತ್ತೆಂದು ಜನ ಹೇಳುತ್ತಿದ್ದರು. ಅಳತೆ ಕೊಡಲು ಬಂದ ದಿನ ಪಾಂಡೋಬಾ ಅವರ ಮುಂದೆ ಮೂರು ದಾರಿಗಳನ್ನಿಟ್ಟ.

“ಪ್ಯಾಂಟಿಗೆ ಗುಂಡಿ ಹೊರಗ ಹಚ್ಚಬಹುದ್ರಿ ಸಾಹೇಬ್ರ, ಒಳಗ ಹಚ್ಚಬಹುದ್ರಿ. ಅದೂ ಬ್ಯಾಡಂದ್ರ ಪುಣೇದಾಗ ಈಗ ಇದು ಬಂದೈತ್ರಿ,” ಎಂದು ಹಲ್ಲು ಕಿರಿಯುವ ಒಂದು ಕ್ಲಿಪ್ಪನ್ನು ಮೇಜಿನ ಮೇಲೆ ಇಟ್ಟ.

“ಏನೋ ಇದು? ಇಲಿಬೋನು ಇದ್ದಂಗದ.”

“ಹಂಗ ಅನ್ರಿ. ಕಚ್ಚತೈತ್ರಿ, ಹಿಡಿಯಂಗಿಲ್ಲ.”

“ಒಳಗ ಹಚ್ಚು. ಗ್ಯಾಲಿಸ್ ಅಂದ್ರ ಒಳಗಿನ ಅರಿವಿ. ಮಂದಿಗ್ಯಾಕ ಕಾಣಬೇಕು?”

ಹೀಗೆ ನನ್ನ ಬಾಳು ತೀರ್ಮಾನವಾಯಿತು. ಪಾಂಡೋಬಾ ಸೊಂಟಪಟ್ಟಿಯ ಒಳಮೈಗೆ ಆರು ಗುಂಡಿ ಹಚ್ಚಿದ. ಒಂದೊಂದರ ಬುಡಕ್ಕೂ ದಾರವನ್ನು ಏಳು ಸುತ್ತು ಸುತ್ತಿ, ಬಟ್ಟೆಗೂ ಗುಂಡಿಗೂ ನಡುವೆ ಅಕ್ಕಿಕಾಳಿನಷ್ಟು ಎಡೆ ಬಿಟ್ಟ. “ಗುಂಡಿಗೆ ಕುತ್ತಿಗಿ ಇರಬೇಕು. ಕುತ್ತಿಗಿ ಇಲ್ಲದ ಗುಂಡಿ ಯಾರನ್ನೂ ತಬ್ಬಂಗಿಲ್ಲ,” ಎಂದು ತನ್ನಷ್ಟಕ್ಕೇ ಅಂದುಕೊಂಡ. ನನಗೆ ತಿಳಿದ ಮಟ್ಟಿಗೆ ಧಾರವಾಡದಲ್ಲಿ ಆಡಲಾದ ಕೊನೆಯ ವಿವೇಕದ ಮಾತು ಅದು.

ಗಲಗಲಿಯವರ ಮೈಮೇಲೆ ಇಪ್ಪತ್ತಾರು ವರ್ಷ ಕಳೆದೆ. ಮನುಷ್ಯರನ್ನು ನೀವು ಮುಖದಿಂದ ಅಳೆಯುತ್ತೀರಿ, ನಾನು ಹೊಟ್ಟೆಯಿಂದ. ನಾಲಿಗೆಯಲ್ಲಿ ಸಿಂಹವಾಗಿದ್ದ ಆ ಮನುಷ್ಯ ಸೊಂಟದಲ್ಲಿ ಹಣ್ಣಾದ ಕುಂಬಳಕಾಯಿ. ಅವರು ತೋಳೆತ್ತಿ ಗರ್ಜಿಸುವಾಗ ಪ್ಯಾಂಟು ನೆಲ ಕಾಣದಂತೆ ಹಿಡಿದು ನಿಲ್ಲುತ್ತಿದ್ದವನು ನಾನು; ಹೊಗಳಿಕೆಯೆಲ್ಲ ಗಂಟಲಿಗೆ. ಅವರ ಗುಮಾಸ್ತ ವೆಂಕೋಬರಾವ್ ಕೊರ್ಲಹಳ್ಳಿಯ ಮುಖ ಪರಿಚಯವಾಗುವ ಮೊದಲೇ, ಕೋಟಿನ ಕತ್ತಲೆಯಲ್ಲಿ, ನನಗೆ ಅವರ “ಹೂಂ ಸಾಹೇಬ್ರ” ಪರಿಚಯವಾಗಿತ್ತು. ದಿನಕ್ಕೆ ನೂರು ಸಲ ಅದೇ ಮಾತು. ಕೇಸಿನ ಕಟ್ಟು ಹೊತ್ತು ಎರಡು ಹೆಜ್ಜೆ ಹಿಂದೆ ನಡೆಯುವ, ಖಾಲಿ ಕುರ್ಚಿಗೂ ಬಗ್ಗಿ ನಮಸ್ಕರಿಸುವ ಮನುಷ್ಯ. ಬೆನ್ನುಮೂಳೆಯ ಬದಲು ಅವರಿಗೆ ದೇವರು ಬಾಗಿಲ ಕೀಲು ಜೋಡಿಸಿರಬೇಕೆಂದು ನಾನು ಭಾವಿಸಿದ್ದೆ.

ವಕೀಲರು ತೀರಿಕೊಂಡರು. ಅವರ ಮಗ ಸೊಂಟಕ್ಕೆ ಬೆಲ್ಟು ಬಿಗಿಯುವ ಪೈಕಿ. ಕರುಳನ್ನು ಹೊರೆಯಂತೆ ಕಟ್ಟುವ ಆ ಪದ್ಧತಿಯ ಬಗ್ಗೆ ಹೆಚ್ಚು ಹೇಳಿ ನನ್ನ ಬಾಯಿ ಕೆಡಿಸಿಕೊಳ್ಳಲಾರೆ. ಬಟ್ಟೆಗಳನ್ನು ಹಂಚುವಾಗ ವೆಂಕೋಬರಾಯರು ನನ್ನೊಬ್ಬನನ್ನು ಬೇಡಿ ಪಡೆದರು. ಹಾಕಿಕೊಳ್ಳಲಿಕ್ಕಲ್ಲ, ನೆನಪಿಗೆ! ಟ್ರಂಕಿನಲ್ಲಿ, ನುಸಿಗುಳಿಗೆಯ ವಾಸನೆಯಲ್ಲಿ, ಅವರ ಹೆಂಡತಿ ಚಂಪಾಬಾಯಿ ಕೌದಿ ಹೊಲಿಯಲು ಕೂಡಿಟ್ಟ ಹಳೆಯ ಸೀರೆಯ ತುಂಡುಗಳ ನಡುವೆ, ಇಪ್ಪತ್ತೆರಡು ವರ್ಷ ಮಲಗಿದೆ. ಹರಿದ ಸೀರೆಗಳಿಗೆ ಹೊದಿಕೆಯಾಗುವ ಆಸೆ ಉಳಿದಿತ್ತು. ನನಗೆ ಅದೂ ಇರಲಿಲ್ಲ.

ಆ ಟ್ರಂಕು ಮತ್ತೆ ತೆರೆದಾಗ ಬೆಳಕು ನನ್ನ ಮೇಲೆ ಬಿತ್ತು. ಜೊತೆಗೊಂದು ಜಗಳವೂ ಬಿತ್ತು.

ವೆಂಕೋಬರಾಯರಿಗೆ ಆಗ ಎಪ್ಪತ್ತಮೂರು. ಐದು ತಿಂಗಳ ಹಿಂದೆ ಹೊಟ್ಟೆಯ ಆಪರೇಷನ್ ಆಗಿ, ಹೊಕ್ಕಳ ಕೆಳಗೆ ಅಡ್ಡಡ್ಡ ಒಂದು ಗೇಣು ಹೊಲಿಗೆ ಬಿದ್ದಿತ್ತು. ಸೊಂಟಕ್ಕೆ ಏನನ್ನೂ ಬಿಗಿಯಕೂಡದೆಂದು ಡಾಕ್ಟರು ಹೇಳಿದ್ದರು. ಬೆಲ್ಟು ಹೋಯಿತು, ಧೋತರ ಹೋಯಿತು, ಲಾಡಿ ಕಟ್ಟುವ ಪಾಯಿಜಾಮವೂ ಹೋಯಿತು. ಉಳಿದದ್ದು ಚಂಪಾಬಾಯಿಯ ಹೂವಿನ ನೈಟಿ. ಅದನ್ನು ತೊಟ್ಟ ದಿನದಿಂದ ಅವರು ಹೊಸ್ತಿಲು ದಾಟಿರಲಿಲ್ಲ. ಯಾರಾದರೂ ಬಾಗಿಲ ಗಂಟೆ ಬಾರಿಸಿದರೆ ಹಿತ್ತಲಿನ ಕೋಣೆಗೆ ಓಡುತ್ತಿದ್ದರು. ಬಂದವರಿಗೆ ಚಂಪಾಬಾಯಿ, “ಊರಾಗಿಲ್ರೀ,” ಎಂದು ಸುಳ್ಳು ಹೇಳಿ ಹೇಳಿ ದಣಿದಿದ್ದರು.

ಈಗ ವಕೀಲರ ಸಂಘದಿಂದ ಪತ್ರ ಬಂದಿತ್ತು: ಹಿರಿಯ ಗುಮಾಸ್ತರಿಗೆ, ದಂಪತಿ ಸಮೇತ, ಸನ್ಮಾನ.

“ನಾ ಒಲ್ಲೆ. ಆರಾಮಿಲ್ಲಂತ ಬರದ ಕಳಸ್ತೀನಿ.”

“ಬರೀರಿ, ಬರೀರಿ. ಹಂಗ ‘ಇನ್ನ ಮ್ಯಾಲೆ ಎಲ್ಲೂ ಬರೂದಿಲ್ಲ’ ಅಂತನೂ ಬರೀರಿ. ಇದ ಸಲ ಹೊಸ್ತಿಲಾ ದಾಟಲಿಲ್ಲಂದ್ರ ನಿಮ್ಮನ್ನ ನಾಲ್ಕು ಮಂದಿ ಹೊತ್ತ ದಾಟಿಸಬೇಕು, ತಿಳೀತಿಲ್ಲೋ?”

ಹೆಂಗಸು ಮೊನಚಾಗಿ ಮಾತಾಡಬಲ್ಲಳೆಂದು ಮೊದಲ ಬಾರಿಗೆ ಗಮನಿಸಿದೆ.

ಆಕೆ ಆಗಲೇ ಪೇಟೆಯಿಂದ ಸೊಂಟ ಎರಡು ಅಂಗುಲ ಸಡಿಲವಿರುವ ಪ್ಯಾಂಟು ತಂದಿದ್ದರು. ಜೊತೆಗೆ ಒಂದು ಹೊಸ ಸಸ್ಪೆಂಡರ್. ಕೆಂಪು ಬಣ್ಣ, ಮೈಯೆಲ್ಲ ರಬ್ಬರು, ತುದಿಗಳಲ್ಲಿ ಅವೇ ಕ್ಲಿಪ್ಪುಗಳು! ಕೋಟು ಹುಡುಕಲೆಂದು ಟ್ರಂಕಿನಿಂದ ತೆಗೆದು ಮಂಚದ ಮೇಲೆ ಒಗೆದಿದ್ದ ನನ್ನ ಪಕ್ಕದಲ್ಲೇ ಅದು ಕಾಲು ಚಾಚಿ ಬಿದ್ದುಕೊಂಡಿತು. ನಾನು ಮಾತಾಡಿಸಲಿಲ್ಲ.

“ಅಂಗಡ್ಯಾಂವ ಐದು ನಿಮಿಷದ ಕೆಲಸ ಅಂದಾನ. ಹಿಡೀರಿ, ತಾಲೀಮು ಮಾಡೂಣು,” ಎಂದರು ಚಂಪಾಬಾಯಿ.

ಸನ್ಮಾನವೆಂದರೆ ಏನೆಂದು ಆಕೆಗೆ ಗೊತ್ತಿತ್ತು. ತಲೆಗೆ ಪೇಟ, ಕೊರಳಿಗೆ ಹಾರ, ಹೆಗಲಿಗೆ ಶಾಲು, ಎರಡೂ ಕೈಗೆ ಹಣ್ಣಿನ ಬುಟ್ಟಿ. ನಮ್ಮ ನಾಡಿನಲ್ಲಿ ಒಬ್ಬ ಮನುಷ್ಯನನ್ನು ಗೌರವಿಸುವುದೆಂದರೆ ಮೊದಲು ಅವನ ಕೈ ಕಟ್ಟಿಹಾಕುವುದು. ಆಕೆ ಗಂಡನಿಗೆ ಪ್ಯಾಂಟು, ಸಸ್ಪೆಂಡರ್ ತೊಡಿಸಿ, ಹೆಗಲಿಗೆ ಬೆಡ್‌ಶೀಟು ಹೊದಿಸಿ, ಬುಟ್ಟಿಯ ಬದಲು ಬಟಾಟೆ ತುಂಬಿದ ಪುಟ್ಟಿ ಹಿಡಿಸಿ, “ಈಗ ನಮಸ್ಕಾರ ಮಾಡ್ರಿ,” ಎಂದರು.

ವೆಂಕೋಬರಾಯರು ಬಗ್ಗಿದರು. ಟಪ್ಪೆಂದು ಬೆನ್ನಿನ ಕ್ಲಿಪ್ಪು ಬಾಯಿಬಿಟ್ಟು, ರಬ್ಬರಿನ ಸೇಡಿನಿಂದ ಹಾರಿ ಅವರ ಹಿಂದಲೆಗೆ ಬಡಿಯಿತು. ಪ್ಯಾಂಟು ಪಾದಗಳ ಸುತ್ತ ಕುಳಿತಿತು. ಬಟಾಟೆಗಳು ಮಂಚದ ಕೆಳಗೆ ಓಡಿದವು. ಕಚ್ಚತೈತ್ರಿ, ಹಿಡಿಯಂಗಿಲ್ಲ. ಪಾಂಡೋಬಾ, ನೀನು ಎಲ್ಲಿದ್ದರೂ ನಿನಗೆ ನಮಸ್ಕಾರ.

ಚಂಪಾಬಾಯಿ ಮೊದಲು ನಕ್ಕರು. ಆಮೇಲೆ ಗಂಡನ ಮುಖ ನೋಡಿ ನಗು ನುಂಗಿದರು. ಆ ಮುದುಕ ನೈಟಿಗಾಗಿ ಕೈ ಚಾಚುತ್ತಿದ್ದ.

“ಬ್ಯಾಡ ಚಂಪಾ. ಮಂದಿ ಮುಂದ ಹಿಂಗಾದ್ರ ನಾ ಉಳಿಯಂಗಿಲ್ಲ.”

ಆಕೆ ನೈಟಿಯನ್ನು ಮಡಚಿ ಪೀಠದಡಿಗೆ ತಳ್ಳಿದರು. ಮಂಚದ ಮೇಲಿದ್ದ ನನ್ನನ್ನು ಎತ್ತಿ, ಬೆಳಕಿಗೆ ಹಿಡಿದು, ಕಿವಿಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದರು. “ಇದಕ್ಕ ಗುಂಡಿ ಬೇಕಲ್ಲಾ? ಹಚ್ಚತೀನಿ ತಡೀರಿ.”

ಲೈನ್ ಬಜಾರಿನಲ್ಲಿ ಪಾಂಡೋಬಾನ ಅಂಗಡಿಯ ಜಾಗದಲ್ಲಿ ಈಗ ಮೊಬೈಲಿನ ಕವಚ ಮಾರುತ್ತಾರೆಂದು ಆಕೆ ಹೇಳಿದ್ದು ಕೇಳಿ ನನಗೆ ದುಃಖವಾಗಲಿಲ್ಲ. ನಿರೀಕ್ಷಿಸಿದ್ದೆ. ಆದರೆ ಆನಂತರ ನಡೆದದ್ದನ್ನು ನಿರೀಕ್ಷಿಸಿರಲಿಲ್ಲ. ಬಿಸ್ಕೀಟಿನ ಡಬ್ಬಿ ಸುರುವಿ ಆಕೆ ಆರು ಗುಂಡಿ ಆರಿಸಿದರು. ಎರಡು ಕಪ್ಪು, ಮೂರು ಬಿಳಿ, ಒಂದು ಯಾವುದೋ ಕೂಸಿನ ಸ್ವೆಟರಿನ ಗುಲಾಬಿ. ದಾರವೋ, ಕೌದಿಗೆ ಪೋಣಿಸುವ ಒರಟು ಎಳೆ. ಗುಂಡಿಯನ್ನು ಹೊಸ ಪ್ಯಾಂಟಿನ ಸೊಂಟಪಟ್ಟಿಗೆ ಅವಚಿ, ಹಪ್ಪಳ ಒತ್ತಿದಂತೆ ಚಪ್ಪಟೆಯಾಗಿ ಹೊಲಿದರು. ಕುತ್ತಿಗೆಯಿಲ್ಲ! ನಾನು ಒಂದು ಗುಂಡಿಯನ್ನೂ ಕಾಜಾದೊಳಗೆ ತೂರಗೊಡಲಿಲ್ಲ.

ಆಕೆ ಹಣೆ ಸುಕ್ಕುಗಟ್ಟಿಸಿ ನೋಡಿದರು. ಎಲ್ಲವನ್ನೂ ಬಿಚ್ಚಿದರು. ದೇವರ ಮುಂದೆ ಉರಿದುಳಿದ ಒಂದು ಊದಿನಕಡ್ಡಿ ತಂದು, ಗುಂಡಿಯ ಮೇಲೆ ಅಡ್ಡ ಇಟ್ಟು, ಅದನ್ನೂ ಸೇರಿಸಿ ಹೊಲಿದು, ಕೊನೆಗೆ ಕಡ್ಡಿಯನ್ನು ಎಳೆದುಬಿಟ್ಟರು. ಸಡಿಲಾದ ದಾರಕ್ಕೆ ಗುಂಡಿಯ ಬುಡದಲ್ಲಿ ಸುತ್ತು ಹಾಕಿದರು. ಒಂದು, ಎರಡು, ಮೂರು... ಏಳು. ಯಾರೂ ಆಕೆಗೆ ಕಲಿಸಿರಲಿಲ್ಲ. ನನ್ನ ತಿರಸ್ಕಾರಕ್ಕೆ ಆ ಮಧ್ಯಾಹ್ನ ಮೊದಲ ಬಾರಿ ಕಾಲು ಜಾರಿತು. ಗುಲಾಬಿ ಗುಂಡಿಯನ್ನು ನೆನೆದು ಸಾವರಿಸಿಕೊಂಡೆ.

ಒಣಗಿದ ನನ್ನ ಕಿವಿಗಳಿಗೆ ಶೇಂಗಾ ಎಣ್ಣೆ ತಿಕ್ಕುತ್ತ ಆಕೆ ಕೇಳಿದರು, “ಇದರ ತೊಗಲು ತಡದೀತೇನ್ರೀ?”

“ಗಲಗಲಿ ಸಾಹೇಬರದ್ದು ಅದು,” ಎಂದರು ವೆಂಕೋಬರಾಯರು, ಅದೇ ಉತ್ತರವೆಂಬಂತೆ. ತಡೆಯುತ್ತೇನೆಂದು ನಾನೂ ನಂಬಿದ್ದೆ. ಸಂದೇಹವಿದ್ದದ್ದು ಆಕೆಯೊಬ್ಬಳಿಗೆ.

ಸಭೆಯ ದಿನ ಅವರು ಹೊಸ್ತಿಲು ದಾಟಿದರು. ಕಂಪೌಂಡಿನ ಗೇಟಿನ ಬಳಿ ಒಮ್ಮೆ ನಿಂತು, ರಸ್ತೆಯನ್ನು ಓದಿ ಮರೆತ ಪುಟದಂತೆ ನೋಡಿ, ಮುಂದೆ ನಡೆದರು. ಕೋಟಿನ ಕತ್ತಲೆಯಲ್ಲಿ ನಾನು ಮತ್ತೆ ಬಿಗಿಯಾದೆ. ಗಲಗಲಿಯವರ ಭಾರಕ್ಕೆ ಹೋಲಿಸಿದರೆ ಈ ಮನುಷ್ಯನದು ಒಂದು ಒದ್ದೆ ಟವೆಲಿನ ಭಾರ.

ವೇದಿಕೆಯ ಮೇಲೆ ಎಲ್ಲವೂ ತಾಲೀಮಿನಂತೆಯೇ ನಡೆಯಿತು. ಪೇಟ ಬಂತು, ಹಾರ ಬಂತು, ಶಾಲು ಬಂತು. ಕೊನೆಗೆ ಸೇಬು, ಮೋಸಂಬಿ, ಅನಾನಸು ತುಂಬಿದ ಬುಟ್ಟಿ ಎರಡೂ ಕೈಗೆ ಕೂತಿತು. ಜನ ಚಪ್ಪಾಳೆ ತಟ್ಟಿದರು. ಆಗ ವೆಂಕೋಬರಾಯರ ಕಣ್ಣು ಎದುರು ಗೋಡೆಯ ಮೇಲೆ ನಿಂತಿತು. ಅಲ್ಲಿ ಗಲಗಲಿ ವಕೀಲರ ದೊಡ್ಡ ಫೋಟೋ ಇತ್ತು. ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಎದೆಯುಬ್ಬಿಸಿ ನಿಂತಿದ್ದರು. ಆ ಕೋಟಿನ ಒಳಗೆ ನಾನೂ ಇದ್ದೆ. ಯಾರಿಗೂ ಕಾಣುತ್ತಿರಲಿಲ್ಲ, ಅಷ್ಟೇ.

“ಸಾಹೇಬ್ರ...” ಎಂದರು ವೆಂಕೋಬರಾಯರು. ಬುಟ್ಟಿ ಹಿಡಿದೇ ಬಗ್ಗಿದರು. ತಾಲೀಮಿನ ಬಗ್ಗುವಿಕೆಯಲ್ಲ ಅದು. ಕೋರ್ಟಿನಲ್ಲಿ ಆಯುಷ್ಯವೆಲ್ಲ ರೂಢಿಸಿಕೊಂಡ, ಹಣೆ ಮೊಣಕಾಲನ್ನು ಹುಡುಕುವ ಬಗ್ಗುವಿಕೆ.

ಬೆನ್ನಿನಲ್ಲಿ ಚರ್ ಎಂದಿತು. ಹರಿದದ್ದು ದಾರವಲ್ಲ. ಕೌದಿಯ ದಾರ ಕದಲಲಿಲ್ಲ. ಗುಲಾಬಿ ಗುಂಡಿ ತನ್ನ ಕುತ್ತಿಗೆಯ ಮೇಲೆ ನೆಟ್ಟಗೆ ನಿಂತಿತ್ತು. ಹರಿದದ್ದು ನನ್ನ ಕಿವಿ. ರಬ್ಬರಿಲ್ಲದ, ಕ್ಲಿಪ್ಪಿಲ್ಲದ, ಗಲಗಲಿ ವಕೀಲರ ಗ್ಯಾಲಿಸಿನ ಕಿವಿ! ಪ್ಯಾಂಟು ಒಂದು ಬದಿಗೆ ಎರಡು ಬೆರಳು ಜಾರಿತು. ಅದರ ಜೋಡಿಯ ಕಿವಿಯೂ ಮೆಲ್ಲಗೆ ಸೀಳತೊಡಗಿತು. ಅದು ಹೋದರೆ ಬೆನ್ನಿಗೆ ಏನೂ ಉಳಿಯುವುದಿಲ್ಲ. ವೆಂಕೋಬರಾಯರು ಬಗ್ಗಿದಲ್ಲೇ ಕಲ್ಲಾದರು. ಏಳಲಾರರು, ಬುಟ್ಟಿ ಬಿಡಲಾರರು. ಚಪ್ಪಾಳೆ ತೆಳುವಾಗುತ್ತ ಬಂತು.

ಪಕ್ಕದಲ್ಲಿ ನಿಂತಿದ್ದ ಚಂಪಾಬಾಯಿ ಗಂಡನ ಶಾಲು ಸರಿಪಡಿಸುವವರಂತೆ ಹಿಂದಕ್ಕೆ ಸರಿದರು. ಬಲಗೈಯ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನನ್ನು ಎಡಗೈ ಬಿಚ್ಚಿಕೊಂಡಿತು. ಪಿನ್ನು! ಗುಂಡಿಯ ಕುಲವೂ ಅಲ್ಲ, ಕ್ಲಿಪ್ಪಿನ ಕುಲವೂ ಅಲ್ಲ. ಸೆರಗಿಗೆ, ಕಿತ್ತ ಚಪ್ಪಲಿಗೆ, ಕೂಸಿನ ಲಂಗೋಟಿಗೆ, ಯಾರು ಕರೆದರೂ ಹೋಗುವ ಜಾತಿ. ಶಾಲಿನ ಮರೆಯಲ್ಲಿ, ಕೋಟಿನ ಕೆಳಗೆ ಕೈ ಬಂತು. ಕಣ್ಣಿಲ್ಲದ ಆ ಬೆರಳುಗಳು ನನ್ನ ಹರುಕನ್ನು ಒಂದೇ ಸಲಕ್ಕೆ ಕಂಡವು. ಪಿನ್ನು ನನ್ನನ್ನೂ ಪ್ಯಾಂಟನ್ನೂ ಕೂಡಿಸಿ ಚುಚ್ಚಿತು.

ನನಗೆ ಬೈಗುಳ ನೆನಪಾಗಲಿಲ್ಲ.

“ಹಿಡದದ,” ಎಂದು ಆಕೆ ಗಂಡನ ಕಿವಿಯ ಹತ್ತಿರ ಪಿಸುಗುಟ್ಟಿದರು. “ಏಳ್ರಿ. ಇನ್ನ ಮ್ಯಾಲೆ ಯಾರಿಗೂ ಬಗ್ಗಬ್ಯಾಡ್ರಿ. ನೆಟ್ಟಗ ನಿಂದರ್ರಿ.”

ವೆಂಕೋಬರಾಯರು ಎದ್ದರು. ಅವರ ಬೆನ್ನು ಅಷ್ಟು ಉದ್ದವಿದೆಯೆಂದು ನನಗೆ ತಿಳಿದಿರಲಿಲ್ಲ. ಅದನ್ನು ಮುಟ್ಟಿಕೊಂಡೇ ಇದ್ದರೂ ತಿಳಿದಿರಲಿಲ್ಲ. ಎದುರಿನ ಫೋಟೋದ ಕಣ್ಣಿಗೆ ಸರಿಸಮವಾಗಿ ನೋಡಿ, ನಾಲ್ಕು ಮಾತು ಆಡಿದರು. ಒಂದರಲ್ಲೂ “ಹೂಂ ಸಾಹೇಬ್ರ” ಇರಲಿಲ್ಲ.

ಇವೆಲ್ಲ ಮೂರು ವರ್ಷದ ಹಿಂದಿನ ಮಾತು. ಈಗ ನಾನು ಬಾಗಿಲ ಹಿಂದಿನ ಮೊಳೆಗೆ ತೂಗುತ್ತೇನೆ. ಕೆಂಪು ಸಸ್ಪೆಂಡರ್ ಹಿತ್ತಲಲ್ಲಿ ತಂತಿಗೆ ಜೋತುಬಿದ್ದು ಒದ್ದೆ ಕಾಲುಚೀಲಗಳನ್ನು ಕಚ್ಚಿಕೊಂಡಿದೆ. ಗಾಳಿ ಬಂದರೆ ಅವನ್ನೂ ಉದುರಿಸುತ್ತದೆ. ಅದರ ಮೇಲಿನ ನನ್ನ ತಿರಸ್ಕಾರವನ್ನು ಯಾರಿಗೂ ಬಿಟ್ಟುಕೊಡುವವನಲ್ಲ. ಬೆಲ್ಟಿನ ಮೇಲಿನದ್ದನ್ನೂ. ಇಳಿವಯಸ್ಸಿನಲ್ಲಿ ಏನಾದರೂ ಆಸ್ತಿ ಇರಬೇಕಷ್ಟೆ.

ಆದರೆ ಹರಿದ ಕಿವಿಯನ್ನು ಆಕೆ ಹೊಲಿಯಲಿಲ್ಲ. ಪಿನ್ನನ್ನು ಮರಳಿ ಬಳೆಗೆ ಒಯ್ಯಲೂ ಇಲ್ಲ; ಅದು ನನ್ನ ಹರುಕಿನಲ್ಲೇ ತೂಗುತ್ತದೆ. ದಿನಾ ಸಂಜೆ ಐದಕ್ಕೆ, ತಿರುಗಾಡಲು ಹೊರಡುವ ಮುನ್ನ, ವೆಂಕೋಬರಾಯರು ನನ್ನನ್ನು ಹೆಗಲಿಗೇರಿಸಿ ಗುಂಡಿ ಹಾಕಿಕೊಳ್ಳುತ್ತಾರೆ. ಐದು ಗುಂಡಿ ಅವರದು. ಆರನೆಯದಕ್ಕೆ ಬೆನ್ನು ತಿರುಗಿಸಿ ಅಡಿಗೆಮನೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಹಿಟ್ಟು ಮೆತ್ತಿದ ಬೆರಳುಗಳು ಬಂದು ಪಿನ್ನು ಹಾಕುತ್ತವೆ. ಹಿಟ್ಟಿನ ಕಲೆ ನನ್ನ ಮೇಲೆ ಉಳಿಯುತ್ತದೆ. ನಾನು ಅದನ್ನು ಹೊತ್ತುಕೊಂಡು ಹೊಸ್ತಿಲು ದಾಟುತ್ತೇನೆ.