ಗಾಳದ ಕೋಲಿಗೆ ಬಲಸುತ್ತು

ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಹಯಾತ್ ಸಾಬರ ಅಂಗಡಿ. ತೊಟ್ಟಿಲ ಕಾಲು, ಮಂಚದ ಕಾಲು, ಲಟ್ಟಣಿಗೆ, ಕಡಗೋಲು, ಹೀಗೆ ಮರದಲ್ಲಿ ಗುಂಡಗೆ ಕಡೆದು ಕೊಡಬೇಕಾದದ್ದು ಏನಿದ್ದರೂ ಊರಿನವರು ಅಲ್ಲಿಗೇ ಬರಬೇಕು. ಆ ದಿನ ಮಾತ್ರ ಮರ ಕಡೆಯುವ ಲೇತುಗಳೆಲ್ಲ ಸುಮ್ಮನಿದ್ದವು. ನಡುವಿನ ಬೆಂಚಿನ ಮೇಲೆ ಒಂದೇ ಒಂದು ಗಾಳದ ಕೋಲು ಅಡ್ಡಡ್ಡ ಮಲಗಿ ನಿಧಾನವಾಗಿ ಹೊರಳುತ್ತಿತ್ತು. ಅದರ ಮುಂದೆ ಅಂಗಡಿಯ ಕೆಲಸಗಾರ ರೇವಣ್ಣ, ತನ್ನ ಉಸಿರಿಗೆ ಎಲ್ಲಿ ಧೂಳು ಹಾರೀತೋ ಎಂದು ಬಾಯಿಗೆ ಟವೆಲ್ಲು ಕಟ್ಟಿಕೊಂಡು ಕೂತಿದ್ದ.

ಕೋಲು ಹಯಾತ್ ಸಾಬರದು. ವಯಸ್ಸಿನಲ್ಲಿದ್ದಾಗ ಬಿದಿರು ಸೀಳಿ, ಹೆರೆದು, ಆರು ಸೀಳುಗಳನ್ನು ಒಂದೇ ಕಡ್ಡಿಯಂತೆ ಅಂಟಿಸಿ ತಮ್ಮ ಕೈಯಾರೆ ಮಾಡಿಕೊಂಡಿದ್ದರು. ವಾರವಿಡೀ ಮರ ಕಡೆದು ಶುಕ್ರವಾರ ನಮಾಜು ಮುಗಿಯಿತೆಂದರೆ ಸಾಕು, ಕೋಲು ಹೆಗಲಿಗೇರಿಸಿ ಹರಿಹರದ ಬಸ್ಸು ಹತ್ತುವ ಆಸಾಮಿ. ಹೊಳೆದಂಡೆಯಲ್ಲಿ ಕೂತರೆ ಹೆಂಡತಿ ಖತೀಜಾಬೀ ಬಂದು ಕರೆದರೂ ಏಳುತ್ತಿರಲಿಲ್ಲ. ಅಂಥವರು ಮಳೆಗಾಲದ ಜ್ವರಕ್ಕೆ ಬಿದ್ದು, ಹರಿಹರದಲ್ಲಿ ಮಗಳ ಮನೆ ಸೇರಿ, ಈಗ ಜ್ವರ ಬಿಟ್ಟರೂ ಹಾಸಿಗೆ ಬಿಡುತ್ತಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಗಂಜಿಗೂ ಹೊರಳುತ್ತಿರಲಿಲ್ಲ. ಡಾಕ್ಟರು ಕೈಚೆಲ್ಲಿ, "ಇನ್ನು ಔಷಧದಿಂದ ಆಗೋದು ಏನಿಲ್ಲ, ಅವರಿಗೇ ಏಳೋ ಮನಸ್ಸು ಬರಬೇಕು" ಎಂದು ಹೇಳಿ ಹೋಗಿದ್ದರು.

ಆ ಮನಸ್ಸು ಬಂದದ್ದು ಒಂದೇ ಮಾತಿಗೆ. ಮಗ ಹಿದಾಯತ್ ಕಿವಿಯ ಹತ್ತಿರ ಬಾಗಿ, "ಅಬ್ಬಾ, ನಾಡಿದ್ದು ನಿಮ್ ಕೋಲು ತರ್ತೀನಿ, ಹೊಳೆಗೆ ಹೋಗಾಣ" ಎಂದಾಗ ಮುದುಕರು ಗೋಡೆ ಬಿಟ್ಟು ಈ ಕಡೆ ತಿರುಗಿದ್ದರು. "ತರ್ತೀಯೇನು?" ಎಂದು ಕೇಳಿ, ಎರಡು ತುತ್ತು ಉಂಡಿದ್ದರು.

ಬಾಯಿಬಿಟ್ಟು ಹೇಳಿಯಾಯಿತು. ಆದರೆ ಅಂಗಡಿಯ ಸಾಮಾನು ಸಾಗಿಸುವಾಗ ಕೋಲಿನ ತುದಿಯ ಅರ್ಧ ಬಿರುಕು ಬಿಟ್ಟಿದ್ದು ಮುದುಕರಿಗೆ ಗೊತ್ತಿರಲಿಲ್ಲ. ಹಿದಾಯತ್ ಊರಿಗೆ ಓಡಿ ಬಂದು, ಬಿರುಕಿಗೆ ಅಂಟು ಹಾಕಿ, ದಾರ ಹಾಯುವ ಉಂಗುರಗಳನ್ನು ರೇಷ್ಮೆ ಎಳೆಯಲ್ಲಿ ಮತ್ತೆ ಬಿಗಿದ. ಉಳಿದದ್ದು ವಾರ್ನಿಷ್ ಒಂದೇ. ಹಸಿ ವಾರ್ನಿಷ್ಷಿನ ಕೋಲನ್ನು ಸುಮ್ಮನೆ ಇಟ್ಟರೆ ಅದು ಕೆಳಗಿಳಿದು ಹನಿಗಟ್ಟುತ್ತದೆ, ಉಂಗುರದ ಬಾಯಿ ಮುಚ್ಚುತ್ತದೆ. ಆರುವ ತನಕ ಕೋಲು ತಿರುಗುತ್ತಲೇ ಇರಬೇಕು.

ತಿರುಗಿಸಲು ಹಿದಾಯತ್ ಒಂದು ಉಪಾಯ ಹೂಡಿದ್ದ. ಹೋಟೆಲಿನವರು ರೇಡಿಯೊ ತಂದಮೇಲೆ ಗುಜರಿಗೆ ಹಾಕಿದ್ದ ಗ್ರಾಮಫೋನಿನ ಹೊಟ್ಟೆ ಬಗೆದು, ಅದರ ಯಂತ್ರವನ್ನು ಪಕ್ಕಕ್ಕೆ ಮಲಗಿಸಿ, ಹುರಿಯ ಪಟ್ಟಾ ಹಾಕಿ ಒಂದು ದೊಡ್ಡ ಮರದ ಚಕ್ರಕ್ಕೆ ಜೋಡಿಸಿದ್ದ. ಚಕ್ರದ ನಡುವೆ ಮರದ ಬಟ್ಟಲು. ಕೋಲಿನ ಬುಡದ ಹಿತ್ತಾಳೆ ಕೊಳವೆ ಆ ಬಟ್ಟಲೊಳಗೆ, ತುದಿ ಅತ್ತ ಒಂದು ಕವೆಗೂಟದ ಮೇಲೆ. ಬಟ್ಟಲಿಗೂ ಕೊಳವೆಗೂ ಸೇರಿಸಿ ಬಟ್ಟೆಯ ಪಟ್ಟಿಯೊಂದನ್ನು ಬಿಗಿಯಾಗಿ ಸುತ್ತುವುದು. ಮೊಳೆ ಹೊಡೆಯುವಂತಿಲ್ಲ, ತಿರುಪು ಹಾಕಿದರೆ ಹಳೆಯ ಬಿದಿರು ಸೀಳುತ್ತದೆ. ಸಣ್ಣ ಕಡ್ಡಿ ಕಡೆಯುವಾಗಲೆಲ್ಲ ಈ ಅಂಗಡಿಯಲ್ಲಿ ನಡೆದುಬಂದ ಪದ್ಧತಿ ಪಟ್ಟಿ ಸುತ್ತುವುದೇ.

ಆದರೆ ಹಿದಾಯತ್ ಸುತ್ತಿದ್ದು ಎಡಕ್ಕೆ. ಅದನ್ನು ಕಂಡ ರೇವಣ್ಣ ಕೈಲಿದ್ದ ಕೆಲಸ ಬಿಟ್ಟು ಹತ್ತಿರ ಬಂದ.

ರೇವಣ್ಣ ಆನಗೋಡಿನವನು. ಮೀಸೆ ಮೂಡುವ ಮುಂಚೆ ಅಪ್ಪನನ್ನು ಕಳೆದುಕೊಂಡವನು. ಅಪ್ಪನ ಹೆಣಕ್ಕೆ ಬಟ್ಟೆ ಬಿಗಿಯುವಾಗ ಹುರಿಯ ಒಂದು ತುದಿ ಹಿಡಿಯಲು ಹಿರಿಯರು ಇವನಿಗೇ ಹೇಳಿದ್ದರು. ಇವನು ಬಲಕ್ಕೆ ಸುತ್ತಹೋದಾಗ ಕೈ ತಡೆದು, "ಹೋಗೋರಿಗೆ ಎಡಸುತ್ತು, ಮಗಾ. ಇರೋರಿಗೆ ಬಲಸುತ್ತು" ಎಂದಿದ್ದರು. ಆ ಕೈ ಅಂದಿನಿಂದ ಈವರೆಗೆ ಎಡಕ್ಕೆ ಒಂದು ದಾರ ಸುತ್ತಿಲ್ಲ. ಹಯಾತ್ ಸಾಬರ ಕೈಕೆಳಗೆ ಕೆಲಸ ಕಲಿತು ತಲೆ ನರೆಯುತ್ತ ಬಂದರೂ ಇಲ್ಲ.

"ಎಡಕ್ಕೆ ಯಾಕ ಸುತ್ತಿದಿಯೋ? ಹಾಸಿಗಿ ಮ್ಯಾಲಿರೋ ಮನುಷ್ಯಂದು ಇದು" ಎಂದು ಕೇಳಿಯೂ ಕೇಳಿದ.

"ನಮ್ ಅಂಗಡಿ ಪದ್ಧತಿ ಅದೇ ಅಲ್ಲೇನೋ? ನಿಂದೊಂದೇ ಉಲ್ಟಾ" ಎಂದು ನಕ್ಕು ಹಿದಾಯತ್ ವಾರ್ನಿಷ್ ಬೆಚ್ಚಗೆ ಮಾಡಲು ಒಳಗೆ ಹೋದ.

ಅವನ ಬೆನ್ನು ತಿರುಗಿದ್ದೇ ತಡ, ರೇವಣ್ಣ ಪಟ್ಟಿ ಬಿಚ್ಚಿ ಬಲಕ್ಕೆ ಸುತ್ತಿ ಕೂತ. ಕಳ್ಳತನ ಎಂದು ಅವನಿಗೆ ಅನ್ನಿಸಲಿಲ್ಲ. ಕಾಲು ಶತಮಾನ ತನ್ನ ಲೇತಿನ ಮೇಲೆ ಬಲಸುತ್ತೇ ಸುತ್ತಿದ್ದಾನೆ, ಒಂದು ದಿನ ಬಿಚ್ಚಿಲ್ಲ. ಇಂದು ಮಾತ್ರ ಯಾಕೆ ಬಿಚ್ಚಬೇಕು? ಹಿದಾಯತ್ ಬಂದವನು ನೋಡಲೂ ಇಲ್ಲ. ತಿರುಗುವ ಕೋಲಿಗೆ ವಾರ್ನಿಷ್ ಬಳಿದು, "ಅಬ್ಬಾ ಮುಖ ನೋಡ್ಕೊಂಡು ಸಂಜಿಗೆ ಬರ್ತೀನಿ. ಆಗಾಗ ಕೀ ಕೊಡ್ತಿರು. ಕೋಲು ಮಾತ್ರ ಮುಟ್ಟಬ್ಯಾಡ, ನೊಣ ಕೂತ್ರೂ ಮುಟ್ಟಬ್ಯಾಡ" ಎಂದು ಹೇಳಿ ಹರಿಹರದ ಬಸ್ಸಿಗೆ ಓಡಿದ.

ಮಧ್ಯಾಹ್ನದ ಪಾಳಿಗೆ ಮಿಲ್ಲು ಕೂಗಿದ ಸ್ವಲ್ಪ ಹೊತ್ತಿಗೆ ಮೊದಲ ಸದ್ದು ಕೇಳಿತು. ಟಕ್.

ಇಲಿ ಇರಬೇಕು ಎಂದುಕೊಂಡ. ಇಲಿಯಲ್ಲ. ಬಟ್ಟಲು ತಿರುಗುತ್ತಿತ್ತು, ಕೋಲು ಒಂದು ಗಳಿಗೆ ನಿಂತು, ಆಮೇಲೆ ಜಗ್ಗಿದಂತೆ ಹೊರಳಿತು. ಬಗ್ಗಿ ನೋಡಿದರೆ ಪಟ್ಟಿಯ ಅಂಚು ತುಟಿ ತೆರೆದಂತೆ ಮೇಲೆದ್ದಿದೆ. ಮತ್ತೆ ಟಕ್. ಇನ್ನೊಂದು ಸುತ್ತು ಸಡಿಲ. ತಿರುಗಿದಷ್ಟೂ ಪಟ್ಟಿ ಬಿಗಿಯುವ ಬದಲು ಬಿಚ್ಚಿಕೊಳ್ಳುತ್ತಿತ್ತು. ಅಂಗಡಿಯ ಕಲ್ಲುಹಾಸು ಮೊದಲೇ ಬಚ್ಚಲ ಕಡೆ ಇಳಿಜಾರು. ಸಡಿಲಾದ ಕೋಲು ಕೂದಲೆಳೆಯಷ್ಟು, ಕೂದಲೆಳೆಯಷ್ಟು, ಬಟ್ಟಲಿನಿಂದ ಹೊರಗೆ ಜಾರಿ ಕವೆಗೂಟದ ಆಚೆಗೆ ಸರಿಯತೊಡಗಿತು. ಇನ್ನು ನಾಲ್ಕು ಬೆರಳು ಸರಿದರೆ ಬುಡ ಕಳಚಿ ಕಲ್ಲಿನ ಮೇಲೆ. ಅಷ್ಟು ಹಳೆಯ ಬಿದಿರು ಕಲ್ಲಿಗೆ ಬಿದ್ದರೆ ಅಂಟು, ರೇಷ್ಮೆ ಯಾವುದೂ ಕೂಡಿಸಲಾರದು. ನಾಳೆ ಹಿದಾಯತ್ ಯಾವ ಮುಖ ಹೊತ್ತು ಅಪ್ಪನ ಮುಂದೆ ನಿಲ್ಲಬೇಕು? ಮುದುಕರು ಮತ್ತೆ ಗೋಡೆಗೆ ತಿರುಗಿದರೆ ಈ ಕಡೆ ಹೊರಳಿಸುವವರು ಯಾರು?

ರೇವಣ್ಣ ಎದ್ದ ರಭಸಕ್ಕೆ ಸ್ಟೂಲು ಉರುಳಿತು. ವಾರ್ನಿಷ್ ಇಲ್ಲದ ಜಾಗ ಹಿತ್ತಾಳೆ ಕೊಳವೆಯೊಂದೇ. ಅದನ್ನು ಎರಡೂ ಕೈಯ ಬೆರಳಲ್ಲಿ ಹಿಡಿದು ತಾನೇ ತಿರುಗಿಸತೊಡಗಿದ. ಅಲ್ಲಿಗೆ ಕೋಲು ಉಳಿಯಿತು, ರೇವಣ್ಣ ಸಿಕ್ಕಿಬಿದ್ದ. ಬಿಟ್ಟರೆ ಬೀಳುತ್ತದೆ, ನಿಲ್ಲಿಸಿದರೆ ವಾರ್ನಿಷ್ ಇಳಿಯುತ್ತದೆ, ಕೂಗಿದರೆ ಪಕ್ಕದ ಕುಲುಮೆಯ ಸುತ್ತಿಗೆ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ. ಬೆವರು ಹುಬ್ಬಿನಿಂದ ಕಣ್ಣಿಗಿಳಿಯಿತು. ಒರೆಸಿಕೊಳ್ಳಲು ಮೂರನೆಯ ಕೈ ಇರಲಿಲ್ಲ. ಬೆರಳು ಮರಗಟ್ಟಿದವು.

ಎಡಕ್ಕೆ ಸುತ್ತಿದ್ದರೆ ನಿಲ್ಲುತ್ತಿತ್ತು. ಅದು ಅವನಿಗೆ ಈಗ ಅಂಗೈ ಗೆರೆಯಷ್ಟು ಸ್ಪಷ್ಟ. ಕಷ್ಟಪಟ್ಟರೆ ಒಂದು ಕೈಯಲ್ಲಿ ಕೋಲು ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಎಡಸುತ್ತು ಸುತ್ತಲೂಬಹುದು. ಪಟ್ಟಿಯ ತುದಿ ಹಿಡಿದ. ಅಪ್ಪನ ಹೆಣದ ಹುರಿ ಬೆರಳಿಗೆ ತಾಕಿದಂತಾಯಿತು. ಕೈ ಮೇಲೇಳಲಿಲ್ಲ. ಕೋಲು ಉಳಿಸಲು ಹೋಗಿ ಕೋಲಿನ ಒಡೆಯನನ್ನೇ ಕಳಿಸಿಕೊಡುವುದೆ? ಹೆದರಿಕೆಗೂ ನಾಚಿಕೆಗೂ ಅವನಿಗೆ ಅಳು ಬಂತು.

"ಏನೋ ಇದು, ಬಾಯಿಗೆ ಬಟ್ಟಿ ಕಟ್ಕೊಂಡು ಏನ್ ಪೂಜಿ ನಡ್ಸಿದಿ?" ಬಾಗಿಲಲ್ಲಿ ಮಜ್ಜಿಗೆ ಮಾರುವ ಮರಿಯವ್ವ ನಿಂತಿದ್ದಳು. ರಿಪೇರಿಗೆ ಕೊಟ್ಟ ಕಡಗೋಲು ಒಯ್ಯಲು ಬಂದಿದ್ದಳು.

"ಮರಿಯವ್ವಾ, ನಿನ್ ಕಾಲಿಗೆ ಬೀಳ್ತೀನಿ, ಒಳಗ ಬಾ! ಈ ಪಟ್ಟಿ ಬಿಚ್ಚಿ ಎಡಕ್ಕೆ ಸುತ್ತು. ನನ್ ಕೈ ಖಾಲಿ ಇಲ್ಲ."

ಮರಿಯವ್ವ ಬುಟ್ಟಿ ಇಳಿಸಿ ಹತ್ತಿರ ಬಂದಳು. ಪಟ್ಟಿ ನೋಡಿದಳು, ಕೋಲು ನೋಡಿದಳು. "ಇದು ಹಯಾತ್ ಸಾಬಂದಲ್ಲೇನೋ? ಬದುಕಿರೋ ಮನುಷ್ಯಂದಕ್ಕೆ ಎಡಸುತ್ತೇ? ಬಿಡ್ತು ಅನ್ನು! ನಾನೊಲ್ಲೆ."

ತಾನು ಒಲ್ಲೆನೆಂದ ಕೆಲಸವನ್ನು ಮುದುಕಿಯ ಕೈಯಲ್ಲಿ ಮಾಡಿಸಹೊರಟಿದ್ದಕ್ಕೆ ರೇವಣ್ಣ ಮುಖ ತಗ್ಗಿಸಿದ. "ಬಲಕ್ಕೆ ಸುತ್ತಿದ್ರೆ ಬಿಚ್ತೈತೆ ಮರಿಯವ್ವಾ" ಎಂದ, ಅಳು ನುಂಗಿ. "ಈ ಬಟ್ಟಲು ತಿರುಗೋದು ಹಂಗೈತೆ."

"ತಿರುಗೋದು ಹಂಗಿದ್ರೆ ಇನ್ನೊಂದ್ ಕಡಿ ತಿರುಗಿಸು. ಕಡಗೋಲು ಎರಡೂ ಕಡಿ ತಿರುಗಲ್ವೇನು? ಹಗ್ಗ ಆ ಕಡಿ ಎಳದ್ರೆ ಆ ಕಡಿ, ಈ ಕಡಿ ಎಳದ್ರೆ ಈ ಕಡಿ. ಸುತ್ತು ಯಾಕ ಬದಲು ಮಾಡ್ತೀ?"

"ಗ್ರಾಮಫೋನು ಒಂದೇ ಕಡಿ ತಿರುಗೋದು. ಹಗ್ಗ ಎಳಿಯಾಕ ಇದೇನ್ ಕಡಗೋಲ..." ಎನ್ನುತ್ತಿದ್ದವನು ಅಲ್ಲಿಗೇ ನಿಂತ. ಕಣ್ಣು ಎದುರು ಗೋಡೆಯ ಮೇಲೆ ಬಿದ್ದಿತ್ತು.

ಗೋಡೆಗಾನಿಸಿ ರೇವಣ್ಣನ ಲೇತು. ಅಂಗಡಿಯ ಉಳಿದ ಲೇತುಗಳೆಲ್ಲ ಓಣಿಗೆ ಮುಖ ಮಾಡಿದರೆ ಅದೊಂದೇ ಗೋಡೆಗೆ ಮುಖ. ಉಳಿದವುಗಳ ಪಟ್ಟಾ ಚಕ್ರದಿಂದ ಚಕ್ರಕ್ಕೆ ನೆಟ್ಟಗೆ ಹಾದರೆ ಅದರದು ಮಾತ್ರ ನಡುವೆ ಕತ್ತರಿಯಂತೆ ಅಡ್ಡ ಹಾದು ಲೇತನ್ನು ಉಲ್ಟಾ ತಿರುಗಿಸುತ್ತಿತ್ತು. ಅಡ್ಡ ಹಾದ ಪಟ್ಟಾ ಒಂದಕ್ಕೊಂದು ಉಜ್ಜಿ ಬೇಗ ಸವೆಯುತ್ತಿತ್ತು. "ನಿಂದೊಂದೇ ಲೇತು ಪಟ್ಟಾ ತಿನ್ನೋದು" ಎಂದು ಗೊಣಗುತ್ತ ಉಸ್ತಾದ್ ಹಯಾತ್ ಸಾಬರು ಮತ್ತೆ ಮತ್ತೆ ಹೊಸ ಪಟ್ಟಾ ತಂದು, ಮತ್ತೆ ಅಡ್ಡವೇ ಹಾಕುತ್ತಿದ್ದರು. ಯಾಕೆಂದು ಒಮ್ಮೆ ಕೇಳಿದ್ದಕ್ಕೆ, "ನಿನ್ ಕೈಗೆ ಹಂಗೇ ಸರಿ" ಎಂದಿದ್ದರು. ತನ್ನ ಕೈ ಒರಟು ಅಂತ ಹೇಳುತ್ತಿದ್ದಾರೆ ಎಂದುಕೊಂಡು ರೇವಣ್ಣ ಸುಮ್ಮನಾಗಿದ್ದ. ಅಪ್ಪ ಸತ್ತ ಮರುತಿಂಗಳು ಕೆಲಸಕ್ಕೆ ಬಂದ ಹುಡುಗ, ಎಡಕ್ಕೆ ಸುತ್ತು ಎಂದರೆ ಬೆವೆತು ನಿಂತದ್ದನ್ನು ಉಸ್ತಾದರು ಕಂಡಿದ್ದರು. ಕಂಡು, ಹುಡುಗನನ್ನು ಬಿಟ್ಟು ಲೇತನ್ನೇ ತಿರುಗಿಸಿದ್ದರು.

"ಮರಿಯವ್ವಾ, ಅಗೋ ಆ ದೊಡ್ಡ ಚಕ್ರದ ಮ್ಯಾಲಿನ ಹುರಿ ಕಳಚು. ಗ್ರಾಮಫೋನು ಸ್ವಲ್ಪ ಈಚೆ ಸರಿಸು. ಹ್ಞಾಂ. ಈಗ ಹುರಿ ಒಂದ್ಸಲ ತಿರುಚಿ, ಮ್ಯಾಲಿಂದು ಕೆಳಕ್ಕೆ, ಕೆಳಗಿಂದು ಮ್ಯಾಲಕ್ಕೆ ಹಾಕು."

ಮುದುಕಿ ಹಗ್ಗದ ಕೆಲಸದಲ್ಲಿ ಪಳಗಿದವಳು. ಆದರೂ ಹುರಿ ಎರಡು ಸಲ ಜಾರಿತು. ಎರಡನೆಯ ಸಲ ಅವಳ ಮೊಣಕೈ ಕವೆಗೂಟಕ್ಕೆ ತಗುಲಿ ಕೋಲಿನ ತುದಿ ಕುಣಿಯಿತು. ರೇವಣ್ಣ ಕಣ್ಣು ಮುಚ್ಚಿದ. ತೆರೆದಾಗ ತುದಿ ಕವೆಯ ಅಂಚಿನಲ್ಲೇ ಇತ್ತು. ಉಸಿರು ಹಿಡಿದು ಕೋಲನ್ನು ಒಳಗೆ ತಳ್ಳಿದ, ಬುಡ ಬಟ್ಟಲು ಸೇರಿತು. "ಈಗ ಪಟ್ಟಿ ಸುತ್ತು. ಬಲಕ್ಕೆ."

"ಹಂಗನ್ನು ಮತ್ತೆ" ಎಂದು ಮರಿಯವ್ವ ಬಲಕ್ಕೆ ಸುತ್ತಿ ತುದಿ ಸಿಕ್ಕಿಸಿದಳು.

ಚಕ್ರ ಹಿಮ್ಮೊಗವಾಗಿ ತಿರುಗಿತು. ಪಟ್ಟಿ ಒಮ್ಮೆ ಜಗ್ಗಿ, ಬಿಗಿಯಿತು. ಇನ್ನೂ ಬಿಗಿಯಿತು. ರೇವಣ್ಣ ಒಂದು ಬೆರಳು ತೆಗೆದ, ಇನ್ನೊಂದು ತೆಗೆದ. ಕೊನೆಗೆ ಎರಡೂ ಕೈ ಬಿಟ್ಟು ನೋಡಿದ. ಕೋಲು ತನ್ನ ಪಾಡಿಗೆ ತಾನು ಹೊರಳುತ್ತಿತ್ತು, ಮೈಮೇಲೆ ಒಂದು ಹನಿಯೂ ಕಟ್ಟಿರಲಿಲ್ಲ. ಅವನು ಅಲ್ಲೇ ಕಲ್ಲುಹಾಸಿನ ಮೇಲೆ ಕುಸಿದು ಕೂತು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ.

"ಆತಲ್ಲೋ, ಇನ್ಯಾಕ ಅಳ್ತಿ?" ಎಂದು ಮರಿಯವ್ವ ಒಂದು ಲೋಟ ಮಜ್ಜಿಗೆ ಬಗ್ಗಿಸಿ ಕೊಟ್ಟಳು.

ಸಂಜೆ ಬಂದ ಹಿದಾಯತ್ ಬಾಗಿಲಲ್ಲೇ ನಿಂತು, "ಇದೇನೋ, ಉಲ್ಟಾ ತಿರುಗ್ತೈತೆ?" ಎಂದ. ರೇವಣ್ಣ ನಡೆದದ್ದನ್ನೆಲ್ಲ ಹೇಳಿದ, ಪಟ್ಟಿ ಬಿಚ್ಚಿ ಸುತ್ತಿದ್ದನ್ನೂ ಮುಚ್ಚಿಡಲಿಲ್ಲ. ಹಿದಾಯತ್ ಕತ್ತೆ ಎಂದ, ಕೋಣ ಎಂದ, ಬಾಯಿಗೆ ಬಂದದ್ದೆಲ್ಲ ಅಂದ. ಅಂದು ಮುಗಿದ ಮೇಲೆ ಯಂತ್ರಕ್ಕೆ ಕೀ ಕೊಟ್ಟು, ಅವನ ಪಕ್ಕದಲ್ಲೇ ಕೂತ.

ಮರುದಿನ ಹರಿಹರಕ್ಕೆ ಇಬ್ಬರೂ ಹೋದರು. ಬಸ್ಸಿನಲ್ಲಿ ಕೋಲನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತವನು ರೇವಣ್ಣ. ಖತೀಜಾಬೀ ಗಂಡನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದರು. ಹಯಾತ್ ಸಾಬರು ಸೊರಗಿ ಕಡ್ಡಿಯಾಗಿದ್ದರು. ಕೋಲು ಕೈಗೆ ಬಂದೊಡನೆ ಬಿರುಕಿದ್ದ ಜಾಗಕ್ಕೇ ಬೆರಳು ಹೋಯಿತು. ಹಿದಾಯತ್ ತಲೆ ತಗ್ಗಿಸಿದ. ಮುದುಕರು ಉಂಗುರ ಉಂಗುರವನ್ನೂ ಮುಟ್ಟಿ ನೋಡಿ ಬುಡಕ್ಕೆ ಬಂದರು. ಹಿತ್ತಾಳೆಯ ಮೇಲೆ ಪಟ್ಟಿ ಬಲಕ್ಕೆ ಬಿಗಿದ ಗುರುತು ಓರೆಯಾಗಿ ಉಳಿದಿತ್ತು. ಅದರ ಮೇಲೆ ಹೆಬ್ಬೆರಳು ಆಡಿಸಿ ತಲೆ ಎತ್ತಿದರು.

"ರೇವಣ್ಣ, ಪಟ್ಟಾ ಅಡ್ಡ ಹಾಕಿದ್ಯೇನು?"

"ಹ್ಞೂ, ಉಸ್ತಾದ್." ರೇವಣ್ಣ ಮಂಚದ ಹತ್ತಿರ ಸರಿದ. "ಇಷ್ಟು ವರ್ಷ ನನಗೆ ಹೇಳಲೇ ಇಲ್ಲಲ್ರಿ ನೀವು."

"ಹೇಳಿದ್ರೆ ನನ್ ಮರ್ಯಾದಿಗೆ ಎಡಕ್ಕೆ ಸುತ್ತೋದು ಕಲೀತಿದ್ದಿ. ದಿನಾ ಹೆದರ್ಕೊಂತ ಸುತ್ತುತಿದ್ದಿ." ಮುದುಕರು ಉಸಿರು ತೆಗೆದುಕೊಂಡರು. "ಹೆದರಿದ ಕೈಲಿ ಉಳಿ ಹಿಡೀಬಾರದು. ಪಟ್ಟಾ ತಿರುಚೋದು ಎಷ್ಟೊತ್ತಿನ ಕೆಲ್ಸ?"

ಹೊರಗೆ ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಹಿದಾಯತ್ ಅಪ್ಪನನ್ನು ಎತ್ತಿಕೊಳ್ಳಲು ಬಗ್ಗಿದ. ಹಯಾತ್ ಸಾಬರು ಅವನ ಕೈ ಸರಿಸಿ, ಎರಡೂ ಕಾಲು ಮಂಚದಿಂದ ನೆಲಕ್ಕೆ ಇಳಿಬಿಟ್ಟರು.

"ಎತ್ತಬ್ಯಾಡ, ನಡೀತೀನಿ" ಎಂದರು. "ರೇವಣ್ಣ, ನೀ ಬಲಕ್ಕೆ ಬಾ."