ಮುನಿತಾಯಮ್ಮನ ಎರವಲು ಬೆಳ್ಳಿ

ಮನೆಗೆ ನೆಂಟರು ಬರುತ್ತಾರೆಂದರೆ ಸಾಕು, ಕೆಂಗೇರಿಯ ಮುನಿತಾಯಮ್ಮನನ್ನು ಹಿಡಿಯುವವರಿಲ್ಲ. ಇನ್ನು ಬೆಂಗಳೂರಿನ ವಿದ್ಯಾನಿಧಿಯ ಸೇತುರಾಮ ರಾಯರೇ ಬರುತ್ತಾರೆಂದರೆ ಕೇಳಬೇಕೆ! ಬಡವರ ಮಕ್ಕಳಿಗೆ ಕಾಲೇಜು ಫೀಸು ಕಟ್ಟುವ ನಿಧಿ ಅದು. ಅರ್ಜಿ ಹಾಕಿದವರು ನಿಜಕ್ಕೂ ಬಡವರೋ ಅಲ್ಲವೋ ಎಂದು ರಾಯರು ಮನೆಗೇ ಬಂದು ನೋಡುತ್ತಿದ್ದರು. ಅವರು ಹೂಂ ಎಂದರೆ ಮಗಳು ಪುಟ್ಟಲಕ್ಷ್ಮಿ ಇಂಟರ್‌ಮೀಡಿಯೆಟ್ ಓದಲು ಕಾಲೇಜಿಗೆ; ಉಹೂಂ ಎಂದರೆ ಸೋದರಮಾವನ ಮಗನ ಜೊತೆ ಹಸೆಮಣೆಗೆ. ಅಪ್ಪ ಕೆಂಪಯ್ಯನ ಮಿಲ್ ಕೂಲಿಯಲ್ಲಿ ಬೇರೆ ದಾರಿ ಇರಲಿಲ್ಲ.

ಅವತ್ತು ಪುಟ್ಟಲಕ್ಷ್ಮಿ ಶಾನುಭೋಗರಿಂದ ಆದಾಯದ ಸರ್ಟಿಫಿಕೇಟು ತರುವಷ್ಟರಲ್ಲಿ ಮನೆಯ ಗುರುತೇ ಸಿಗದಂತಾಗಿತ್ತು. ಬೆತ್ತದ ಕುರ್ಚಿ, ಬೆಳ್ಳಿ ಲೋಟ, ಬೆಳ್ಳಿ ತಟ್ಟೆ, ಫಳಫಳ ಹೊಳೆಯುವ ಹಿತ್ತಾಳೆ ಕೊಳಗ. ಅವ್ವನ ಮೈಮೇಲೆ ಯಾರದೋ ಜರತಾರಿ ಸೀರೆ!

“ಅವ್ವಾ, ನಿನಗೇನ್ ಬಂತೇ? ಬಡವರು ಅಂತ ಅರ್ಜಿ ಹಾಕಿದೀವಿ ಕಣೇ!”

“ಹಾಕುದ್ರೆ? ದೊಡ್ಡೋರಿಗೆ ಸೊಟ್ಟ ಲೋಟದಲ್ಲಿ ಹಾಲು ಕೊಡ್ಲಾ? ಮಾನ ಮರ್ಯಾದೆ ಬ್ಯಾಡ್ವಾ?”

ಮುಂದಿನ ಮಾತಿಗೆ ಹೊತ್ತೆಲ್ಲಿ? ರೈಲಿಳಿದು ನಡೆದು ಬಂದ ರಾಯರು ಆಗಲೇ ಬಾಗಿಲಲ್ಲಿದ್ದರು. ಒಳಗೆ ಬಂದು ಕೂತು ಸುತ್ತ ಕಣ್ಣಾಡಿಸಿದರು. ಅವರ ಮುಖ ಬಿಗಿಯಾಯಿತು.

“ಅನುಕೂಲವಾಗೇ ಇದೀರಿ ಅನ್ನಿ.”

“ನಿಮ್ಮ ಆಶೀರ್ವಾದ ಸ್ವಾಮಿ. ಎಲ್ಲಾ ನಮ್ದೇಯಾ!” ಎಂದು ಅವ್ವ ಬೀಗಿದಳು.

ಪುಟ್ಟಲಕ್ಷ್ಮಿ ಇಕ್ಕಟ್ಟಿಗೆ ಸಿಕ್ಕಿದಳು. ನಿಜ ಹೇಳಿದರೆ ಬಂದವರ ಮುಂದೆ ಅವ್ವನ ಮುಖ ಸಣ್ಣಗಾಗುತ್ತದೆ, ಸುಮ್ಮನಿದ್ದರೆ ಕಾಲೇಜಿಗೆ ಎಳ್ಳುನೀರು. ಅವಳು ಬೆಳ್ಳಿ ಲೋಟದಲ್ಲಿ ಹಾಲು ತಂದು ರಾಯರ ಮುಂದಿಟ್ಟಳು.

ರಾಯರು ಹಾಲು ಕುಡಿದು ಲೋಟವನ್ನು ತಿರುಗಿಸಿ ನೋಡಿದರು. ತಟ್ಟೆಯನ್ನೂ ನೋಡಿದರು.

“ಅಮ್ಮಾ, ಲೋಟದ ಮೇಲಿರೋದು ಏನು?”

“ಹೂ ಬಳ್ಳಿ ಚಿತ್ತಾರ ಸ್ವಾಮಿ.”

ರಾಯರು ಲೋಟವನ್ನು ಪುಟ್ಟಲಕ್ಷ್ಮಿಯ ಕೈಗೆ ಕೊಟ್ಟರು. “ನೀನು ಓದಮ್ಮ.”

ಅವಳು ಅವ್ವನ ಮುಖ ನೋಡಿದಳು. “ಓದು ಮಗಾ, ಅದಕ್ಯಾಕೆ ನಾಚ್ಕೆ!” ಎಂದಳು ಅವ್ವ, ಮಗಳ ಓದು ತೋರಿಸುವ ಹುಮ್ಮಸ್ಸಿನಲ್ಲಿ.

“ಇಂದ್ರಮ್ಮ,” ಎಂದು ಓದಿದಳು. ತಟ್ಟೆಯ ಮೇಲೆ “ಅಕ್ಕಯ್ಯಮ್ಮ.” ಕೊಳಗದ ಮೇಲೆ “ಶ್ರೀರಾಮ ಭಜನಾ ಮಂಡಳಿ.”

“ಅಯ್ಯೋ ನನ್ ಬಾಯಿಗ್ ಮಣ್ಣಾಕ! ಅದು ಕೊಟ್ಟೋರ ಹೆಸರಾ?” ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ರಾಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸೆರಗಿನೊಳಗಿಂದ ಅವ್ವನೂ ಕಿಸಕ್ಕೆಂದಳು. “ಸೀರೇನೂ ನಮ್ದಲ್ಲ ಬುಡಿ ಸ್ವಾಮಿ!”

ರಾಯರು ಕಣ್ಣೊರೆಸಿಕೊಂಡು ಅರ್ಜಿಗೆ ಸಹಿ ಹಾಕಿದರು. “ಮನೇಲಿ ಓದು ಬರೋಳು ಇವಳೊಬ್ಬಳೇ. ಇವಳನ್ನ ನಿಲ್ಲಿಸಬೇಡಿ ತಾಯಿ. ಫೀಸು ನಾವು ಕಟ್ತೀವಿ.”

ಅವರು ಹೋದ ಮೇಲೆ ಪುಟ್ಟಲಕ್ಷ್ಮಿ ಕುಣಿದದ್ದೇ ಕುಣಿದದ್ದು. ಅವ್ವ ಮಾತ್ರ ಹೊಸಿಲ ಬಳಿ ಕೂತು ಲೋಟದ ಮೇಲಿನ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದಳು.

“ಪುಟ್ಟೀ, ನನ್ ಹೆಸರು ಬರುದ್ರೆ ಎಂಗ್ ಕಾಣ್ತದೆ?”

ಪುಟ್ಟಲಕ್ಷ್ಮಿ ರಂಗೋಲಿ ಹಿಟ್ಟು ತಂದು ಬಾಗಿಲ ಮುಂದೆ ದಪ್ಪಗೆ ಬರೆದಳು. ಮುನಿತಾಯಮ್ಮ.

ಅವ್ವ ಬಗ್ಗಿ ಆ ತುದಿಯಿಂದ ಈ ತುದಿಗೆ ನೋಡಿದಳು. “ಇಷ್ಟುದ್ದಾನಾ ನಾನು!”

ಸಂಜೆ ಮಿಲ್ಲಿನಿಂದ ಬಂದ ಕೆಂಪಯ್ಯನನ್ನು ಅವಳು ಅಂಗಳದಲ್ಲೇ ತಡೆದಳು.

“ಮಗಳು ಕಾಲೇಜ್ಗೋಯ್ತಾಳೆ ಕಣ್ರೀ! ಪಕ್ಕದಲ್ಲಿ ಬನ್ನಿ, ಅಲ್ಲಿ ನಾನಿದೀನಿ, ತುಳುದ್ಬುಟ್ಟೀರಿ!”